ಗುರುತ್ವ ಬಲ ಹೌದೋ ಅಲ್ಲವೋ? ಭೌತಶಾಸ್ತ್ರದ ನಿಯಮಗಳು ಜಗತ್ತಿನವೋ, ನಮ್ಮ ಲೆಕ್ಕದವೋ?

ಪಿಯು_ಮೇಷ್ಟ್ರು
ತುಮಕೂರು ಕಡೆ ಪ್ರಥಮ ಪಿಯುಸಿಗೆ ಭೌತಶಾಸ್ತ್ರ ಹೇಳಿಕೊಡ್ತೀನಿ. ಗುರುತ್ವಾಕರ್ಷಣೆ ಅಧ್ಯಾಯ ಮುಗಿಸ್ತಾ ಇದ್ದೆ, ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಐನ್‌ಸ್ಟೈನ್ ಪ್ರಕಾರ ಗುರುತ್ವ ಬಲವೇ ಅಲ್ಲವಂತೆ. ಹಾಗಾದ್ರೆ ನೀವು ಬೋರ್ಡ್ ಮೇಲೆ ಬಾಣ ಹಾಕಿ ತೋರಿಸಿದ್ದು ಯಾವುದನ್ನ?"

"ನ್ಯೂಟನ್‌ದು ಅಂದಾಜು, ಐನ್‌ಸ್ಟೈನ್‌ದು ಇನ್ನೂ ನಿಖರ" ಅಂತ ಉತ್ತರ ಕೊಟ್ಟೆ. ಅವಳು ಬಿಡಲಿಲ್ಲ. "ಉತ್ತರ ಅಂದಾಜಾಗಿ ಬರಬಹುದು ಸರ್. ಆದ್ರೆ ಬಲ ಇದೆ, ಬಲ ಇಲ್ಲ, ಇವೆರಡರಲ್ಲಿ ಅಂದಾಜು ಅಂದ್ರೆ ಏನು?"

ಅವಳ ಮಾತಿನಲ್ಲಿ ಹುರುಳಿದೆ. ನ್ಯೂಟನ್ ಸೂತ್ರದಿಂದ ಬರೋ ಸಂಖ್ಯೆ ಐನ್‌ಸ್ಟೈನ್ ಸಂಖ್ಯೆಗೆ ಹತ್ತಿರ ಇರುತ್ತೆ, ಅದು ಸರಿ. ಆದರೆ ಒಬ್ಬರು ಸೂರ್ಯ ಭೂಮಿಯನ್ನ ಎಳೀತಾನೆ ಅಂತಾರೆ, ಇನ್ನೊಬ್ಬರು ಯಾರೂ ಯಾರನ್ನೂ ಎಳೀತಿಲ್ಲ, ಬಾಗಿದ ದೇಶಕಾಲದಲ್ಲಿ (ಜಾಗ, ಕಾಲ ಎರಡೂ ಸೇರಿದ ಹಂದರದಲ್ಲಿ) ಭೂಮಿ ತನ್ನ ಪಾಡಿಗೆ ನೇರ ದಾರಿ ಹಿಡಿದು ಹೋಗ್ತಿದೆ ಅಂತಾರೆ. ಜಗತ್ತು ಹೇಗಿದೆ ಅನ್ನೋದರ ಬಗ್ಗೆ ಇವು ಎರಡು ಬೇರೆ ಬೇರೆ ಚಿತ್ರಗಳು. ನಿಯಮ ಅನ್ನೋದು ಜಗತ್ತಿನಲ್ಲೇ ಇರೋದಾ, ಅಥವಾ ನಾವು ಲೆಕ್ಕ ಹಾಕೋಕೆ ಮಾಡಿಕೊಂಡದ್ದಾ? ಸೋಮವಾರ ಅವಳಿಗೆ ಏನು ಹೇಳಲಿ?

ಸುಮ್ಮನೆ_ಓದುಗ
ಲೆಕ್ಕ ಸರಿ ಬಂದ್ರೆ ಸಾಕಲ್ವಾ ಸರ್. ಚಂದ್ರನ ಮೇಲೆ ಇಳಿಯೋಕೆ ಅದು ಸಾಕಾಯ್ತು. ಉಳಿದದ್ದು ತತ್ವಶಾಸ್ತ್ರದವರ ತಲೆನೋವು.

ಧಾರವಾಡದಾಂವ
ಲೆಕ್ಕ ಸರಿ ಬಂದ್ರ ಸಾಕು ಅನ್ನೂದಾದ್ರ, ಟಾಲೆಮಿ ಭೂಮಿ ನಡುವ ಇಟ್ಟು ಚಕ್ರದ ಮ್ಯಾಲ ಚಕ್ರ ಕೂಡ್ರಿಸಿದ್ನಲ್ಲ, ಅದರಾಗೂ ಲೆಕ್ಕ ಬರ್ತಿತ್ರಿ. ಸಾವಿರದ ನಾಕನೂರು ವರ್ಷ ಜನ ಅದರ ಮ್ಯಾಲನ ಗ್ರಹ ಎಲ್ಲೆದ ಅಂತ ಹೇಳಿದ್ರು. ನಮ್ಮ ಪಂಚಾಂಗದಾವ್ರೂ ಭೂಮಿ ನಡುವ ಇಟ್ಟಕೊಂಡ ಗ್ರಹಣ ಹೇಳ್ತಿದ್ರು, ಭಾಳ ಸಲ ಸರಿ ಬರ್ತಿತ್ತು. ಹಂಗಂದ್ರ ಭೂಮಿ ನಡುವ ಐತೇನು? ಇಲ್ಲಲ್ಲ? ಮತ್ತ ಲೆಕ್ಕ ಒಂದ ಸಾಕಾಗಂಗಿಲ್ರಿ. ಆ ಹುಡುಗಿ ಕೇಳಿದ್ದು ಖರೇ ಪ್ರಶ್ನೆ. ಅಕಿಗೆ ಉತ್ತರಾ ಕೊಡೂದು ಬಿಟ್ಟು ತಲಿನೋವು ಅಂತ ತಳ್ಳಿ ಹಾಕಬ್ಯಾಡ್ರಿ.

ಚುಕ್ಕಿಲೆಕ್ಕ
ಮೇಷ್ಟ್ರೇ, ಸೋಮವಾರ ಆ ಹುಡುಗಿಗೆ ಎರಡು ಗ್ರಹಗಳ ಕಥೆ ಹೇಳಿ. ಒಂದು ಸಿಕ್ಕ ಗ್ರಹ, ಇನ್ನೊಂದು ಸಿಗದ ಗ್ರಹ. ಎರಡನ್ನೂ ಹೇಳಿದ್ದು ಒಬ್ಬನೇ ಮನುಷ್ಯ.

ಯುರೇನಸ್ ಗ್ರಹ ನ್ಯೂಟನ್ ಲೆಕ್ಕ ಹೇಳಿದ ಜಾಗದಲ್ಲಿ ಇರ್ತಿರಲಿಲ್ಲ. ಫ್ರಾನ್ಸಿನ ಖಗೋಳಜ್ಞ ಲ ವೆರಿಯೇ ನಿಯಮವನ್ನ ಅನುಮಾನಿಸಲಿಲ್ಲ. ಆಚೆ ಇನ್ನೊಂದು ಗ್ರಹ ಕೂತು ಇದನ್ನ ಎಳೀತಿದೆ ಅಂತ ಲೆಕ್ಕ ಹಾಕಿ, ಎಲ್ಲಿ ನೋಡಬೇಕು ಅಂತ ಬರ್ಲಿನ್‌ಗೆ ಕಾಗದ ಬರೆದ. 1846ರ ಸೆಪ್ಟೆಂಬರ್ 23ರ ರಾತ್ರಿ ಅಲ್ಲಿನ ಖಗೋಳಜ್ಞ ಗಾಲೆ ದೂರದರ್ಶಕ ತಿರುಗಿಸಿದ. ಹೇಳಿದ ಜಾಗದಿಂದ ಒಂದು ಡಿಗ್ರಿ ಒಳಗೇ ನೆಪ್ಚೂನ್ ಸಿಕ್ಕಿತು, ಅದೂ ಮೊದಲ ರಾತ್ರಿಯೇ.

ಆಮೇಲೆ ಅದೇ ಲ ವೆರಿಯೇ ಬುಧನ ಕಕ್ಷೆ ಹಿಡಿದ. ಬುಧನ ಕಕ್ಷೆ ಒಂದೇ ಕಡೆ ನಿಲ್ಲಲ್ಲ, ಶತಮಾನಕ್ಕೆ ಸುಮಾರು 574 ಆರ್ಕ್‌ಸೆಕೆಂಡಿನಷ್ಟು ತಿರುಗುತ್ತೆ. ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡು ಅಂದರೆ ಇದು ಎಷ್ಟು ಸಣ್ಣದು ನೋಡಿ. ಇದರಲ್ಲಿ 531ರಷ್ಟು ಶುಕ್ರ, ಗುರು, ಭೂಮಿ ಮುಂತಾದ ಗ್ರಹಗಳ ಎಳೆತದಿಂದ ಬರುತ್ತೆ. ಉಳಿಯೋದು 43. ಲ ವೆರಿಯೇ 1859ರಲ್ಲಿ ಇದನ್ನ ಪ್ರಕಟಿಸುವಾಗ ಅವನ ಅಂಕಿ 38 ಇತ್ತು, ನ್ಯೂಕೋಂಬ್ ನಂತರ ಅದನ್ನ 43ಕ್ಕೆ ತಂದ. ಈ ಉಳಿಕೆಗೂ ಲ ವೆರಿಯೇ ಹಳೆಯ ಮದ್ದೇ ಕೊಟ್ಟ: ಸೂರ್ಯನ ಹತ್ತಿರ ಕಾಣದ ವಸ್ತು ಇದೆ. ಅದಕ್ಕೆ ವಲ್ಕನ್ ಅಂತ ಹೆಸರೂ ಬಿತ್ತು. ಲೆಸ್ಕಾರ್ಬೊ ಅನ್ನೋ ಹಳ್ಳಿ ಡಾಕ್ಟರು ಅದು ಸೂರ್ಯನ ಮುಂದೆ ಹಾದುಹೋದದ್ದನ್ನ ಕಂಡೆ ಅಂದ. 1878ರ ಗ್ರಹಣದಲ್ಲಿ ಇಬ್ಬರು ಖಗೋಳಜ್ಞರು ನಾವೂ ಕಂಡೆವು ಅಂದರು. ಅಂಥ ಗ್ರಹ ಇರಲೇ ಇಲ್ಲ. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ಸಮೀಕರಣಕ್ಕೆ ಬುಧನನ್ನ ಹಾಕಿ ನೋಡಿದರೆ ಸರಿಯಾಗಿ 43 ಬಂತು, ಯಾವ ಹೊಸ ಗ್ರಹವೂ ಇಲ್ಲದೆ.

ಲೆಕ್ಕ ತಪ್ಪಿದಾಗ ಜಗತ್ತಿನಲ್ಲಿ ಏನೋ ನಮಗೆ ಕಾಣ್ತಿಲ್ಲವೋ, ನಿಯಮವೇ ಸಾಲದೋ ಅಂತ ಮೊದಲೇ ಹೇಳೋ ಉಪಾಯ ಯಾರ ಹತ್ರಾನೂ ಇಲ್ಲ. ಆದರೆ ನಿಯಮ ಬರೀ ನಮ್ಮ ಕಲ್ಪನೆ ಆಗಿದ್ದರೆ ನೆಪ್ಚೂನ್ ಸಿಗ್ತಿರಲಿಲ್ಲ. ಪೂರ್ತಿ ಸತ್ಯ ಆಗಿದ್ದರೆ ವಲ್ಕನ್ ಸಿಗಬೇಕಿತ್ತು.

ಹೊಳೆಸಾಲು
ಕೊನೆಯ ಎರಡು ಸಾಲನ್ನ ನಮ್ಮ ಶಾಲೆ ಬೋರ್ಡ್ ಮೇಲೆ ಬರೆಸ್ತೀನಿ.

ಅನು_ಆರ್
ಇನ್ನೊಂದು ಸೇರಿಸ್ತೀನಿ. ನ್ಯೂಟನ್ನನಿಗೇ ಈ "ಎಳೆತ" ನುಂಗಲಾರದ ತುತ್ತಾಗಿತ್ತು. ನಡುವೆ ಏನೂ ಇಲ್ಲದೆ ಒಂದು ವಸ್ತು ದೂರದ ಇನ್ನೊಂದನ್ನ ಎಳೆಯುತ್ತೆ ಅನ್ನೋದು ಅಸಂಬದ್ಧ ಅಂತ ಬೆಂಟ್ಲಿಗೆ ಬರೆದ ಪತ್ರದಲ್ಲಿ ಅವನೇ ಹೇಳಿದ್ದಾನೆ. ತನ್ನ ಪ್ರಿನ್ಸಿಪಿಯಾ ಗ್ರಂಥದ 1713ರ ಎರಡನೇ ಆವೃತ್ತಿಯಲ್ಲಿ ಗುರುತ್ವದ ಕಾರಣ ಏನು ಅನ್ನೋದಕ್ಕೆ ತಾನು ಊಹೆ ಕಟ್ಟೋದಿಲ್ಲ ಅಂತ ಕೈತೊಳೆದುಕೊಂಡ. ಬಾಣ ಹಾಕಿ "ಇದೇ ವಾಸ್ತವ" ಅಂತ ಹೇಳ್ತಿರೋದು ನಾವು, ಅವನಲ್ಲ.

ನ್ಯೂಟನ್ ಯಾಂತ್ರಿಕತೆಯನ್ನೇ ಮೂರು ರೀತಿ ಬರೀಬಹುದು ಅನ್ನೋದೂ ಮುಖ್ಯ. ಬಲದ ಭಾಷೆಯಲ್ಲಿ ಬರೀಬಹುದು. ಪ್ರತಿ ಬಿಂದುವಿಗೂ ಒಂದು ವಿಭವ ಕೊಟ್ಟು ಬರೀಬಹುದು. ಲಗ್ರಾಂಜ್, ಹ್ಯಾಮಿಲ್ಟನ್ ತೋರಿಸಿದ ಹಾಗೆ, ಇಡೀ ದಾರಿಯನ್ನ ತೂಗಿ "ಕ್ರಿಯೆ" ಅನ್ನೋ ಒಂದು ಮೊತ್ತ ಸ್ಥಿರವಾಗಿ ನಿಲ್ಲೋ ದಾರಿಯನ್ನೇ ವಸ್ತು ಹಿಡಿಯುತ್ತೆ ಅಂತಲೂ ಬರೀಬಹುದು. ಮೂರೂ ಒಂದೇ ಉತ್ತರ ಕೊಡ್ತವೆ. ಮೂರರಲ್ಲಿ ಯಾವ ಚಿತ್ರ ನಿಜ? ನ್ಯೂಟನ್ ಭೌತಶಾಸ್ತ್ರದ ಒಳಗೇ ಈ ಪ್ರಶ್ನೆ ಕೂತಿದೆ, ಅದಕ್ಕೆ ಐನ್‌ಸ್ಟೈನ್ ಬರಬೇಕಿರಲಿಲ್ಲ.

ಹಾಗಂತ ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆ ಬರೀ ಪುಸ್ತಕದ ಮಾತು ಅಂತ ಯಾರೂ ಅಂದುಕೊಳ್ಳಬೇಡಿ. ಅದನ್ನ ಲೆಕ್ಕಕ್ಕೆ ತಗೊಳ್ಳದಿದ್ದರೆ ನಿಮ್ಮ ಮೊಬೈಲಿನ ಜಿಪಿಎಸ್ ದಿನಕ್ಕೆ 11 ಕಿಲೋಮೀಟರ್ ತಪ್ಪು ಜಾಗ ತೋರಿಸುತ್ತೆ.

ಗಡಿಯಾರ
ಅನು ಅವರೇ, ಆ 11 ಕಿಲೋಮೀಟರ್ ಮಾತು ಎಲ್ಲ ಕಡೆ ಓಡಾಡ್ತಿದೆ, ಅದನ್ನ ಸ್ವಲ್ಪ ತಿದ್ದಬೇಕು. ಉಪಗ್ರಹ ಸಂಚರಣೆ ನನ್ನ ಕೆಲಸ, ಅದಕ್ಕೇ ಸುಮ್ಮನಿರೋಕೆ ಆಗ್ತಿಲ್ಲ.

ಜಿಪಿಎಸ್ ಉಪಗ್ರಹ ಸುಮಾರು 20,200 ಕಿ.ಮೀ. ಎತ್ತರದಲ್ಲಿದೆ. ಅಲ್ಲಿ ಗುರುತ್ವ ಕಡಿಮೆ ಆದ್ದರಿಂದ ಅದರ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 45 ಮೈಕ್ರೊಸೆಕೆಂಡು ಮುಂದೆ ಓಡುತ್ತೆ. ವೇಗದ ಕಾರಣಕ್ಕೆ 7 ಹಿಂದೆ ಬೀಳುತ್ತೆ. ನಿವ್ವಳ 38 ಮುಂದೆ. ಇದನ್ನ ಬೆಳಕಿನ ವೇಗದಿಂದ ಗುಣಿಸಿದರೆ 11 ಕಿ.ಮೀ. ಬರುತ್ತೆ, ಗುಣಾಕಾರ ಸರಿ. ಆದರೆ ನಿಮ್ಮ ಮೊಬೈಲು ತನ್ನ ಗಡಿಯಾರದ ತಪ್ಪನ್ನೂ ಒಂದು ಅಜ್ಞಾತ ಅಂತ ಇಟ್ಟುಕೊಂಡೇ ಸಮೀಕರಣ ಬಿಡಿಸೋದು. ಅದಕ್ಕೇ ಮೂರಲ್ಲ, ನಾಲ್ಕು ಉಪಗ್ರಹ ಬೇಕು. ಎಲ್ಲ ಉಪಗ್ರಹಗಳೂ ಒಟ್ಟಿಗೆ ಅಷ್ಟೇ ಮುಂದೆ ಓಡಿದರೆ ಆ ತಪ್ಪಿನ ಬಹುಪಾಲು ಈ ನಾಲ್ಕನೇ ಅಜ್ಞಾತಕ್ಕೆ ಹೋಗಿ ಸೇರುತ್ತೆ, ಜಾಗ ಅಷ್ಟೊಂದು ಕೆಡಲ್ಲ. ಕೆಡೋದು ಮುಖ್ಯವಾಗಿ ಸಮಯ.

ಆದರೂ ನಿಮ್ಮ ವಾದಕ್ಕೆ ಇದರಿಂದ ಬಲವೇ ಬರುತ್ತೆ. ಜಿಪಿಎಸ್ ಗಡಿಯಾರದ ಆವರ್ತನ ನೆಲದ ಮೇಲೆ 10.23 ಮೆಗಾಹರ್ಟ್ಸ್ ಇರಬೇಕು ಅಂತ, ಅದನ್ನ ಹಾರಿಸೋ ಮೊದಲೇ 10.22999999543ಕ್ಕೆ ಇಳಿಸಿ ಕಳಿಸ್ತಾರೆ. ಮೇಲೆ ಹೋದ ಮೇಲೆ ಸರಿಯಾಗಲಿ ಅಂತ. ಕಾಲ ಎತ್ತರದಲ್ಲಿ ಬೇರೆ ವೇಗದಲ್ಲಿ ಓಡುತ್ತೆ ಅನ್ನೋದು ಬರೀ ಚಿತ್ರ ಆಗಿದ್ದರೆ ಈ ಹನ್ನೊಂದು ದಶಮಾಂಶದ ಕೆಲಸ ಯಾರೂ ಮಾಡ್ತಿರಲಿಲ್ಲ.

ಅನು_ಆರ್
ನಾಲ್ಕನೇ ಅಜ್ಞಾತದ ವಿಷಯ ಚೆನ್ನಾಗಿ ಬಿಡಿಸಿದ್ರಿ. ಹಾರಿಸೋ ಮೊದಲು ತಿದ್ದೋ ಆವರ್ತನ 11 ಕಿ.ಮೀ.ಗಿಂತ ಒಳ್ಳೆ ಉದಾಹರಣೆ. ಇನ್ನು ಅದನ್ನೇ ಹೇಳ್ತೀನಿ.

ಕಡಲತಡಿ
ಮಾರಾಯ್ರೆ, ನನ್ನದೊಂದು ಸಣ್ಣ ಪ್ರಶ್ನೆ. ಈ ರಬ್ಬರ್ ಹಾಳೆ ಮೇಲೆ ಗುಂಡು ಇಟ್ಟು ತೋರಿಸ್ತಾರಲ್ಲ, ಹಾಳೆ ತಗ್ಗುತ್ತೆ, ಸಣ್ಣ ಗೋಲಿ ಅದರ ಸುತ್ತ ತಿರುಗುತ್ತೆ ಅಂತ. ಆ ಗುಂಡು ಹಾಳೆಯನ್ನು ಕೆಳಗೆ ಒತ್ತುವುದೇ ಭೂಮಿಯ ಗುರುತ್ವದಿಂದ ಅಲ್ವಾ? ಗುರುತ್ವ ಇಟ್ಟುಕೊಂಡೇ ಗುರುತ್ವ ವಿವರಿಸಿದ ಹಾಗಾಯಿತು. ಇದನ್ನು ಮಕ್ಕಳಿಗೆ ಯಾಕೆ ತೋರಿಸುವುದು?

ಚುಕ್ಕಿಲೆಕ್ಕ
ತೋರಿಸಲೇಬಾರದು. ಅದರಲ್ಲಿ ಇನ್ನೂ ದೊಡ್ಡ ತಪ್ಪಿದೆ: ಆ ಹಾಳೆಯಲ್ಲಿ ಕಾಲವೇ ಇಲ್ಲ. ಕೈಬಿಟ್ಟ ಕಲ್ಲು ನೆಲಕ್ಕೆ ಬೀಳೋದಕ್ಕೆ ಕಾರಣ ಬಹುಮಟ್ಟಿಗೆ ಕಾಲದ ಬಾಗು, ಅಂದರೆ ಗಡಿಯಾರ ಅವರು ಹೇಳಿದ್ದು: ಕೆಳಗೆ ಕಾಲ ನಿಧಾನ, ಮೇಲೆ ಜೋರು.

ಮೇಷ್ಟ್ರೇ, ಅದರ ಬದಲು ಇದನ್ನ ಮಾಡಿ. ಮೊಬೈಲಿನಲ್ಲಿ ಆಕ್ಸೆಲೆರೊಮೀಟರ್ (ವೇಗೋತ್ಕರ್ಷ ಅಳೆಯೋ ಸಾಧನ) ಅಂಕಿ ತೋರಿಸೋ ಆ್ಯಪ್ ಹಾಕಿ, ಫೈಫಾಕ್ಸ್ ಅನ್ನೋದು ಪುಕ್ಕಟೆ ಸಿಗುತ್ತೆ. ಮೊಬೈಲನ್ನ ಮೇಜಿನ ಮೇಲೆ ಅಂಗಾತ ಇಡಿ. ಅಲುಗಾಡದೆ ಬಿದ್ದಿದೆ, ಆದರೂ ಅಂಕಿ 9.8 ತೋರಿಸುತ್ತೆ, ದಿಕ್ಕು ಮೇಲಕ್ಕೆ. ಈಗ ದಪ್ಪ ದಿಂಬಿನ ಮೇಲೆ ಬೀಳೋ ಹಾಗೆ ಕೈಬಿಡಿ. ಬೀಳ್ತಿರೋ ಆ ಅರೆಗಳಿಗೆಯ ಗೆರೆ ನೋಡಿ, ಅಂಕಿ ಸೊನ್ನೆಗೆ ಬಂದಿರುತ್ತೆ. ಸುಮ್ಮನೆ ಇರೋ ಮೊಬೈಲಿಗೆ ವೇಗೋತ್ಕರ್ಷ, ಬೀಳ್ತಿರೋ ಮೊಬೈಲಿಗೆ ಏನೂ ಇಲ್ಲ. ಐನ್‌ಸ್ಟೈನ್ ಹೇಳಿದ್ದು ಇದನ್ನೇ. ಬೀಳೋ ವಸ್ತುವಿನ ಮೇಲೆ ಬಲ ಇಲ್ಲ, ಬೀಳದ ಹಾಗೆ ತಡೆದಿರೋ ಮೇಜು ಮೇಲಕ್ಕೆ ತಳ್ಳುತ್ತಿದೆ.

ನಿತ್ಯಜಿಜ್ಞಾಸು
ಇದೆಲ್ಲ ಓದಿದಾಗ ನಮ್ಮ ಹಿರಿಯರು ಕಂಡದ್ದೇ ನೆನಪಾಗುತ್ತದೆ. ತೋರುವುದೆಲ್ಲ ಪರಮಾರ್ಥವಲ್ಲ ಎಂದು ಶಂಕರರು ಹೇಳಲಿಲ್ಲವೇ? ಕ್ವಾಂಟಮ್ ವಿಜ್ಞಾನವೂ ಈಗ ನೋಡುವವನಿಲ್ಲದೆ ಜಗತ್ತಿಲ್ಲ ಎನ್ನುತ್ತಿದೆ. ಶ್ರೋಡಿಂಗರ್ ಕೂಡ ವೇದಾಂತ ಓದಿದವರು.

ಅನು_ಆರ್
ಶ್ರೋಡಿಂಗರ್ ವೇದಾಂತ ಓದಿದ್ದರು, ಅದರ ಬಗ್ಗೆ ಪ್ರೀತಿಯಿಂದ ಬರೆದಿದ್ದರು, ನಿಜ. ಆದರೆ 1926ರ ಸಮೀಕರಣ ಹೊರಟಿದ್ದು ಡಿ ಬ್ರಾಯ್ ಹೇಳಿದ ಅಲೆಗಳಿಂದ, ತಾಳೆ ನೋಡಿದ್ದು ಹೈಡ್ರೋಜನ್ನಿನ ಬಣ್ಣದ ಗೆರೆಗಳ ಜೊತೆ.

"ನೋಡುವವನಿಲ್ಲದೆ ಜಗತ್ತಿಲ್ಲ" ಅಂತ ಕ್ವಾಂಟಮ್ ಹೇಳಲ್ಲ. ಅಲ್ಲಿ ನೋಡೋದು ಅಂದರೆ ಮನುಷ್ಯ ಕಣ್ಣು ಬಿಡೋದಲ್ಲ. ಒಂದು ಪರದೆ, ಒಂದು ಪರಮಾಣು, ಗಾಳಿಯ ಒಂದು ಅಣು ತಗುಲಿದರೂ ಸಾಕು. ಯಾರೂ ಇಲ್ಲದ ಕೋಣೆಯಲ್ಲಿ ಯಂತ್ರ ದಾಖಲಿಸಿಟ್ಟರೂ ಫಲಿತಾಂಶ ಅದೇ.

ಅದು ನಿಜವಾಗಿ ಹೇಳೋದು ಇದಕ್ಕಿಂತ ಆಳವಾದ ವಿಷಯ. 1964ರಲ್ಲಿ ಜಾನ್ ಬೆಲ್ ಒಂದು ಅಸಮಾನತೆ ಕೊಟ್ಟರು. ಅಳೆಯೋ ಮೊದಲೇ ಕಣಗಳಿಗೆ ನಿಗದಿಯಾದ ಗುಣ ಇದ್ದು, ಒಂದರ ಸುದ್ದಿ ಇನ್ನೊಂದಕ್ಕೆ ಬೆಳಕಿಗಿಂತ ಬೇಗ ಮುಟ್ಟದೇ ಇದ್ದರೆ, ಜೋಡಿ ಅಳತೆಗಳ ಹೊಂದಾಣಿಕೆ ಒಂದು ಮಿತಿ ದಾಟಬಾರದು. ಕ್ಲೌಸರ್, ಆಮೇಲೆ 1982ರಲ್ಲಿ ಆಸ್ಪೆ ಅಳೆದರು, ದಾಟಿತು. 2015ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ 1.3 ಕಿ.ಮೀ. ದೂರ ಇಟ್ಟು, ಉಳಿದಿದ್ದ ಮುಖ್ಯ ಸಂದುಗಳನ್ನ ಒಟ್ಟಿಗೆ ಮುಚ್ಚಿ ಅಳೆದರು, ಆಗಲೂ ದಾಟಿತು. 2022ರ ನೊಬೆಲ್ ಕ್ಲೌಸರ್, ಆಸ್ಪೆ, ಜೈಲಿಂಗರ್ ಮೂವರಿಗೆ ಬಂತು. "ವಾಸ್ತವ ಅಂದರೆ ಏನು" ಅನ್ನೋ ಪ್ರಶ್ನೆಯ ಒಂದು ತುಂಡನ್ನ ಪ್ರಯೋಗಶಾಲೆಯಲ್ಲಿ ಅಳತೆಗೆ ಒಡ್ಡಿ ಉತ್ತರ ಪಡೆದರು. ನನಗೆ ಇದು ಇಪ್ಪತ್ತನೇ ಶತಮಾನದ ಅತಿ ದೊಡ್ಡ ಸಾಧನೆ.

ಧಾರವಾಡದಾಂವ
ಜಿಜ್ಞಾಸು ಅವ್ರ, ಶಂಕರಾಚಾರ್ಯರ ಮ್ಯಾಲ ನನಗೂ ಭಾಳ ಗೌರವ ಐತ್ರಿ. ಆದ್ರ ಅವರು ಕೇಳಿದ ಪ್ರಶ್ನೆ ಬ್ಯಾರೆ, ಇದು ಬ್ಯಾರೆ. ಎಲ್ಲಾ ಮೊದ್ಲ ಗೊತ್ತಿತ್ತು ಅಂದಬಿಟ್ರ ಎರಡೂ ಕಡೆ ಅನ್ಯಾಯ ಆಗ್ತೈತಿ.

ನಿತ್ಯಜಿಜ್ಞಾಸು
ಮೊದಲೇ ಗೊತ್ತಿತ್ತು ಎಂದು ನಾನು ಹೇಳಲಿಲ್ಲ. ಎರಡೂ ಕಡೆ ಕೇಳುವ ಮನಸ್ಸು ಒಂದೇ ಎನ್ನುವುದು ನನ್ನ ಅಭಿಪ್ರಾಯ. ಕಾಸ್ಮಿಕ್ ಕಿರಣ ಅಳೆದ ಬಿ. ವಿ. ಶ್ರೀಕಂಠನ್ ಅವರನ್ನೇ ನೋಡಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದವರು, ಆಮೇಲೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕೂತು ವಿಜ್ಞಾನದ ತಾತ್ವಿಕ ಬುನಾದಿ, ಪ್ರಜ್ಞೆ ಇವುಗಳ ಬಗ್ಗೆಯೇ ಕೆಲಸ ಮಾಡಿದರು. ಅವರು ಎರಡನ್ನೂ ಬೆರೆಸಿ ಗೊಂದಲ ಮಾಡಲಿಲ್ಲ, ಎರಡನ್ನೂ ಬಿಡಲೂ ಇಲ್ಲ.

ಊರ್ಗಾಂ_ಹುಡುಗ
ಶ್ರೀಕಂಠನ್ ಹೆಸರು ಬಂದ ಮೇಲೆ ನಾನು ಬರೀಲೇಬೇಕು. ನಮ್ಮೂರು ಕೋಲಾರ ಚಿನ್ನದ ಗಣಿ. ಮನೆಯಲ್ಲಿ ತಮಿಳು, ಸ್ಕೂಲಲ್ಲಿ ಕನ್ನಡ. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದರು. "ಸೈಂಟಿಸ್ಟುಗಳು" ಕೂಡ ಗಣಿಯವರ ಹಾಗೇ ಹೆಲ್ಮೆಟ್ಟು, ಲ್ಯಾಂಪು ಹಾಕಿಕೊಂಡು ಕೇಜಿನಲ್ಲಿ ಇಳೀತಿದ್ದರು ಅಂತ ಹೇಳ್ತಿದ್ದರು. ಕೆಳಗೆ ಬಂಡೆಯೇ ಬಿಸಿ, ಬೆವರು ನಿಲ್ಲಲ್ಲ, ಯಾವಾಗ ಬಂಡೆ ಸಿಡಿಯುತ್ತೋ ಅನ್ನೋ ಭಯ ಬೇರೆ.

ಅಷ್ಟು ಆಳ ಯಾಕೆ ಅಂದರೆ, ಮೇಲೆ ಆಕಾಶದಿಂದ ಮ್ಯುಯಾನ್ ಕಣಗಳು ಸದಾ ಸುರೀತಿರ್ತವೆ. ಆಳಕ್ಕೆ ಹೋದಷ್ಟೂ ಬಂಡೆ ಅವನ್ನ ತಡೆಯುತ್ತೆ. ತೀರಾ ಕೆಳಗಿನ ಮಟ್ಟದಲ್ಲಿ ವಾರಗಟ್ಟಲೆ ಕಾದರೂ ಒಂದೂ ಬರಲಿಲ್ಲ. ಅಷ್ಟು ನಿಶ್ಶಬ್ದ ಇದ್ದರೆ, ಬಂಡೆಯನ್ನೂ ತೂರಿ ಬರೋ ನ್ಯೂಟ್ರಿನೊ ಕಣ ಹಿಡೀಬಹುದು ಅಂತ ಹೊಳೀತು. 1965ರಲ್ಲಿ, ಸುಮಾರು 2.3 ಕಿ.ಮೀ. ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಟಾಟಾ ಸಂಸ್ಥೆ, ಜಪಾನಿನ ಒಸಾಕ, ಇಂಗ್ಲೆಂಡಿನ ಡರಮ್ ಮೂರೂ ಸೇರಿ ಮಾಡಿದ್ದು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ರೈನ್ಸ್ ತಂಡಕ್ಕೂ ಸಿಕ್ಕಿತು.

ಮೇಷ್ಟ್ರ ಪ್ರಶ್ನೆಗೆ ಸಂಬಂಧ ಇರೋದು ಎರಡನೇ ಪ್ರಯೋಗ. 1974ರಲ್ಲಿ ಜಾರ್ಜಿ, ಗ್ಲಾಶೊ ಒಂದು ಸಿದ್ಧಾಂತ ಕೊಟ್ಟರು. ವಿದ್ಯುತ್ಕಾಂತೀಯ, ದುರ್ಬಲ, ಪ್ರಬಲ ಮೂರೂ ಬಲ ಒಂದೇ ಬಲದ ಮೂರು ಮುಖ ಅಂತ. ಗಣಿತ ಅಷ್ಟು ಚೆಂದ ಇತ್ತು ಅಂದರೆ ಇದು ಸುಳ್ಳಾಗೋದು ಹೇಗೆ ಸಾಧ್ಯ ಅಂತ ಬಹಳ ಜನ ನಂಬಿದರು. ಅದು ನಿಜ ಆಗಿದ್ದರೆ ಪ್ರೋಟಾನ್ ಶಾಶ್ವತ ಅಲ್ಲ. ಅದರ ಆಯಸ್ಸು 1ರ ಮುಂದೆ 30 ಇಲ್ಲ 31 ಸೊನ್ನೆ ಹಾಕಿದಷ್ಟು ವರ್ಷ. ಅಷ್ಟು ವರ್ಷ ಯಾರು ಕಾಯ್ತಾರೆ? ಕಾಯೋದು ಬೇಡ, ಬಹಳ ಪ್ರೋಟಾನ್ ಗುಡ್ಡೆ ಹಾಕಿ. 140 ಟನ್ ಕಬ್ಬಿಣದಲ್ಲಿ ಪ್ರೋಟಾನು, ನ್ಯೂಟ್ರಾನು ಸೇರಿ 8ರ ಮುಂದೆ 31 ಸೊನ್ನೆಯಷ್ಟು ಇವೆ. ಸಿದ್ಧಾಂತ ಸರಿ ಇದ್ದರೆ ವರ್ಷಕ್ಕೆ ಕೆಲವಾದರೂ ಒಡೆದು ಕಾಣಬೇಕು.

1980ರಲ್ಲಿ ಅದೇ ಆಳದಲ್ಲಿ 140 ಟನ್ ಯಂತ್ರ ನಿಂತಿತು. ಚೌಕದ ಕಬ್ಬಿಣದ ಕೊಳವೆ, ಒಳಗೆ ಅನಿಲ ಮತ್ತು ತಂತಿ. ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ, ಹೀಗೆ 34 ಸಾಲು. ಕಣ ಹಾದುಹೋದರೆ ಯಾವ ಯಾವ ತಂತಿ ಮಿಡಿಯಿತು ಅನ್ನೋದರಿಂದ ಅದರ ದಾರಿ ಕಟ್ಟಬಹುದು. ಪ್ರೋಟಾನ್ ಕ್ಷಯಕ್ಕಾಗಿಯೇ ಕಟ್ಟಿದ ಮೊದಲ ಯಂತ್ರ ಅದು. ಕೆಲವು ಘಟನೆಗಳು ಪ್ರೋಟಾನ್ ಒಡೆದ ಹಾಗೇ ಕಂಡವು, ಪ್ರಕಟವೂ ಆಯ್ತು. ಇಡೀ ಜಗತ್ತು ನಮ್ಮೂರ ಕಡೆ ನೋಡಿತು. ಆಮೇಲೆ ಅಮೆರಿಕದ ಓಹಾಯೊದ ಉಪ್ಪಿನ ಗಣಿಯಲ್ಲಿ, ಜಪಾನಿನ ಕಮಿಯೋಕಾದಲ್ಲಿ ಸಾವಿರಾರು ಟನ್ ನೀರು ತುಂಬಿಸಿ ನೋಡಿದರು. ಒಂದೂ ಸಿಗಲಿಲ್ಲ. ಇವತ್ತು 50,000 ಟನ್ ನೀರಿನ ಸೂಪರ್ ಕಮಿಯೋಕಾಂಡೆ ಹೇಳ್ತಿರೋ ಪ್ರಕಾರ, ಪ್ರೋಟಾನ್ ಪಾಸಿಟ್ರಾನ್, ಪೈಯಾನ್ ಅನ್ನೋ ಕಣಗಳಾಗಿ ಒಡೆಯೋದಾದರೆ ಅದರ ಆಯಸ್ಸು 1ರ ಮುಂದೆ 34 ಸೊನ್ನೆಗಿಂತ ಜಾಸ್ತಿ.

ಆ ಚೆಂದದ ಗಣಿತವನ್ನ ಮನುಷ್ಯರೆಲ್ಲ ಒಪ್ಪೋಕೆ ತಯಾರಿದ್ದರು. ಒಪ್ಪದೇ ಇದ್ದದ್ದು ಪ್ರೋಟಾನ್. ನಿಯಮ ನಮ್ಮ ಕಲ್ಪನೆ ಅನ್ನೋರು ಇದಕ್ಕೆ ಏನಂತಾರೆ?

ಹೊಳೆಸಾಲು
ಓದಿ ಮೈ ಜುಮ್ ಅಂತು. ಪಠ್ಯಪುಸ್ತಕದಲ್ಲಿ ಇದು ಯಾಕಿಲ್ಲ? ಈಗ ಹೋದರೆ ನೋಡೋಕೆ ಏನಾದ್ರೂ ಸಿಗುತ್ತಾ?

ಊರ್ಗಾಂ_ಹುಡುಗ
ಆಳದಲ್ಲಿ ಏನೂ ನೋಡೋಕಾಗಲ್ಲ. ಪ್ರಯೋಗ ತೊಂಬತ್ತರ ದಶಕದ ಶುರುವಿನಲ್ಲೇ ನಿಂತಿತು, ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಸುರಂಗದಲ್ಲಿ ನೀರು ತುಂಬಿದೆ. ಮೇಲೆ ಶಾಫ್ಟಿನ ಕಬ್ಬಿಣದ ಗೋಪುರ, ಸೈನೈಡ್ ಮಣ್ಣಿನ ದಿಬ್ಬ ಕಾಣ್ತವೆ.

ಗಡಿಯಾರ
ಆಮೇಲೆ ತಮಿಳುನಾಡಿನ ತೇಣಿ ಹತ್ತಿರ ಬೆಟ್ಟದೊಳಗೆ 50,000 ಟನ್ ಕಬ್ಬಿಣದ ನ್ಯೂಟ್ರಿನೊ ಯಂತ್ರ ಕಟ್ಟೋ ಯೋಜನೆ ಬಂತು, ಅದು ವಿರೋಧ, ಕೋರ್ಟು ಅಂತ ನಿಂತೇ ಹೋಗಿದೆ. ಕೋಲಾರದಲ್ಲಿ ರೆಡಿ ಇದ್ದ ಆಳವನ್ನ ಉಳಿಸಿಕೊಂಡಿದ್ದರೆ!

ಕಡಲತಡಿ
ಅಲ್ಲಿಯ ಜನರ ಕೆಲಸ ಹೋದದ್ದು ದೊಡ್ಡ ನಷ್ಟ, ಯಂತ್ರದ್ದು ಆಮೇಲೆ. ವಿಷಯ ಎಲ್ಲಿಗೋ ಹೋಯಿತು, ಮೇಷ್ಟ್ರು ಎಲ್ಲಿ? ಸೋಮವಾರ ಕಳೆಯಿತಲ್ಲ?

ಪಿಯು_ಮೇಷ್ಟ್ರು
ಇಲ್ಲೇ ಇದ್ದೀನಿ. ಮೊಬೈಲ್ ದಿಂಬಿನ ಪ್ರಯೋಗ ಮಾಡಿದೆ. ಮೇಜಿನ ಮೇಲಿನ 9.8 ನೋಡಿ ಅರ್ಧ ತರಗತಿ ಮೊಬೈಲು ಕೆಟ್ಟಿದೆ ಅಂತು. ಬಿಟ್ಟಾಗ ಗೆರೆ ದಡಕ್ಕನೆ ಸೊನ್ನೆಗೆ ಇಳಿದು, ದಿಂಬಿಗೆ ಬಿದ್ದ ಕೂಡಲೇ ಮುಳ್ಳಿನ ಹಾಗೆ ಮೇಲೆ ಎದ್ದದ್ದನ್ನ ಪ್ರೊಜೆಕ್ಟರಿನಲ್ಲಿ ತೋರಿಸಿದೆ. ಹುಡುಗರೆಲ್ಲ ಸರದಿಯಲ್ಲಿ ನಿಂತು ತಮ್ಮ ತಮ್ಮ ಮೊಬೈಲು ಬಿಟ್ಟರು.

ಆದರೆ ಪ್ರಶ್ನೆ ಕೇಳಿದ ಹುಡುಗಿ ಮತ್ತೆ ಎದ್ದಳು. "ಬಿದ್ದರೆ ಗುರುತ್ವ ಮಾಯ ಆಗುತ್ತೆ ಅಂದ್ರೆ, ಅದು ನಿಜವಾಗಿ ಇರಲೇ ಇಲ್ಲ ಅಂತ ಆಯ್ತು. ಹಾಗಾದ್ರೆ ಬಾಗಿರೋದು ಏನು ಸರ್?"

ಚುಕ್ಕಿಲೆಕ್ಕ
ಆ ಹುಡುಗಿಯನ್ನ ದಯವಿಟ್ಟು ಬಿಎಸ್ಸಿ ಭೌತಶಾಸ್ತ್ರಕ್ಕೆ ಕಳಿಸಿ, ಬೇರೆ ಕಡೆ ಹೋಗೋಕೆ ಬಿಡಬೇಡಿ.

ಉತ್ತರ ಇಷ್ಟು. ಒಂದು ಮೊಬೈಲ್ ಬಿಟ್ಟರೆ ಗುರುತ್ವ ಪೂರ್ತಿ ಮಾಯ ಆದ ಹಾಗೆ ಕಾಣುತ್ತೆ. ಬಹಳ ಅಗಲದ ಲಿಫ್ಟ್ ಒಂದು ಬೀಳ್ತಿದೆ, ಅದರ ಎರಡು ತುದಿಯಲ್ಲಿ ಎರಡು ಗುಂಡು ತೇಲ್ತಿವೆ ಅಂದುಕೊಳ್ಳಿ. ಎರಡೂ ಭೂಮಿಯ ಕೇಂದ್ರದ ಕಡೆಗೇ ಬೀಳೋದರಿಂದ ನಿಧಾನವಾಗಿ ಒಂದಕ್ಕೊಂದು ಹತ್ತಿರ ಬರ್ತವೆ. ಒಂದರ ಮೇಲೊಂದು ಇಟ್ಟಿದ್ದರೆ, ಕೆಳಗಿನದು ಬೇಗ ಬಿದ್ದು ದೂರ ಆಗ್ತವೆ. ಲಿಫ್ಟಿನ ಜೊತೆ ಬಿದ್ದರೂ ಇದನ್ನ ಅಳಿಸೋಕಾಗಲ್ಲ. ಇದು ಉಬ್ಬರ-ಇಳಿತದ ಪರಿಣಾಮ, ಕಡಲತಡಿಯವರು ದಿನಕ್ಕೆ ಎರಡು ಸಲ ನೋಡೋದು ಇದನ್ನೇ. ನ್ಯೂಟನ್ ಇದನ್ನ ಬಲದ ವ್ಯತ್ಯಾಸ ಅಂದ. ಐನ್‌ಸ್ಟೈನ್ ದೇಶಕಾಲದ ಬಾಗು ಅಂತ ಕರೆದದ್ದು ಇದನ್ನೇ.

ಬಾಣ ಹೋಗಬಹುದು, ಈ ಹತ್ತಿರ ಬರೋದು, ದೂರ ಹೋಗೋದು ಹೋಗಲ್ಲ. ನಾಳೆ ಮೂರನೇ ಸಿದ್ಧಾಂತ ಬಂದರೂ ಅದು ಕಡಲಿನ ಉಬ್ಬರಕ್ಕೆ, ಬುಧನ 43ಕ್ಕೆ, ಗಡಿಯಾರದ 38 ಮೈಕ್ರೊಸೆಕೆಂಡಿಗೆ ಲೆಕ್ಕ ಕೊಡಲೇಬೇಕು. ನನ್ನ ಮಟ್ಟಿಗೆ ವಾಸ್ತವ ಅಂದರೆ ಅದು.

ಧಾರವಾಡದಾಂವ
ಇದನ್ನ ಒಪ್ಪತೀನ್ರಿ. ಆದ್ರೂ ಒಂದ ಮಾತು. ನಿಯಮ ಅಂದ್ರ ಗಟ್ಟಿ ಅಂತ ತಿಳಕೊಂಡ ಕೂತಾಗನ ಅದು ಮುರಿದದ್ದೂ ಐತಿ. ನಿಸರ್ಗಕ್ಕ ಎಡಾ-ಬಲಾ ಭೇದ ಇಲ್ಲ ಅಂತ ಎಲ್ಲಾರೂ ನಂಬಿದ್ರು. ಅದಕ್ಕ ಪುರಾವೆ ಎಲ್ಲೈತಿ ಅಂತ 1956ರಾಗ ಲೀ, ಯಾಂಗ್ ಕೇಳಿದ್ರು. ಮುಂದ ವೂ ಅನ್ನೂ ಹೆಣ್ಣಮಗಳು ಕೋಬಾಲ್ಟ್-60 ಥಂಡ ಮಾಡಿ, ಅಯಸ್ಕಾಂತದಾಗ ಇಟ್ಟು ನೋಡಿದ್ಲು. ಎಲೆಕ್ಟ್ರಾನು ಒಂದ ಕಡಿಗೆ ಜಾಸ್ತಿ ಹೊಂಟವು. ಭೇದ ಐತಿ! ನೊಬೆಲ್ ಬಂದದ್ದು ಲೀ, ಯಾಂಗ್ ಇಬ್ಬರಿಗೆ, ವೂ ಬಾಯಿಗೆ ಬರಲಿಲ್ಲ. ಅದು ನನಗ ಇವತ್ತಿಗೂ ಸಂಕಟ ಆಗೂ ಮಾತು.

ಸುಮ್ಮನೆ_ಓದುಗ
ವೂ ಬಗ್ಗೆ ಮೊದಲ ಸಲ ಕೇಳ್ತಿದ್ದೀನಿ. ಈಗ ನನ್ನದೊಂದು ಪ್ರಶ್ನೆ. ಡಾರ್ಕ್ ಮ್ಯಾಟರ್, ಅಂದ್ರೆ ಕಾಣದ ದ್ರವ್ಯ ಅಂತಾರಲ್ಲ, ಅದು ನೆಪ್ಚೂನೋ ವಲ್ಕನ್ನೋ?

ಅನು_ಆರ್
ನೆಪ್ಚೂನ್. 1933ರಲ್ಲಿ ಜ್ವಿಕಿ ಕೋಮಾ ಗೊಂಚಲಿನ ಗೆಲಾಕ್ಸಿಗಳು ಓಡೋ ವೇಗ ನೋಡಿ, ಕಾಣೋ ದ್ರವ್ಯ ಸಾಲಲ್ಲ ಅಂದ. ಎಪ್ಪತ್ತರ ದಶಕದಲ್ಲಿ ವೆರಾ ರೂಬಿನ್, ಕೆಂಟ್ ಫೋರ್ಡ್ ಗೆಲಾಕ್ಸಿಗಳ ಅಂಚಿನಲ್ಲೂ ವೇಗ ಇಳಿಯಲ್ಲ ಅಂತ ಅಳೆದರು. ಎಲ್ಲಕ್ಕಿಂತ ನನಗೆ ಗಟ್ಟಿ ಅನಿಸೋದು 2006ರ ಬುಲೆಟ್ ಗೊಂಚಲು. ಎರಡು ಗೊಂಚಲು ಡಿಕ್ಕಿ ಹೊಡೆದು ಬಿಸಿ ಅನಿಲ ನಡುವೆ ಉಳಿದಿದೆ, ಆದರೆ ಬೆಳಕು ಬಾಗೋದು ಅನಿಲ ಇಲ್ಲದ ಎರಡು ಪಕ್ಕದಲ್ಲಿ. ದ್ರವ್ಯರಾಶಿ ಅಲ್ಲಿ ಕೂತಿದೆ, ಕಾಣ್ತಿಲ್ಲ ಅಷ್ಟೆ.

ಗಡಿಯಾರ
ನನಗೆ ಅಷ್ಟು ಧೈರ್ಯ ಇಲ್ಲ. ಅಮೆರಿಕದ ದಕ್ಷಿಣ ಡಕೋಟಾದ ಹಳೆ ಚಿನ್ನದ ಗಣಿಯಲ್ಲಿ 10 ಟನ್ ದ್ರವ ಕ್ಸೆನಾನ್ ಇಟ್ಟು ಕಾಯ್ತಿದ್ದಾರೆ, ಆ ಕಾಣದ ದ್ರವ್ಯದ ಒಂದೂ ಕಣ ಕೈಗೆ ಬಂದಿಲ್ಲ. 1983ರಲ್ಲಿ ಮಿಲ್ಗ್ರಾಮ್, ವೇಗೋತ್ಕರ್ಷ ತೀರಾ ಕಡಿಮೆ ಇರೋ ಕಡೆ ನಿಯಮವೇ ಬೇರೆ ಅಂದ. ಆ ವೇಗೋತ್ಕರ್ಷದ ಮಿತಿಗೆ ಅವನು ಇಟ್ಟ ಒಂದೇ ಸಂಖ್ಯೆ ನೂರಾರು ಗೆಲಾಕ್ಸಿಗಳ ಸುತ್ತುವಿಕೆಗೆ ಹೊಂದುತ್ತೆ. ಕಾಣದ ದ್ರವ್ಯ ಇದ್ದರೆ ಅದು ಕಾಣೋ ದ್ರವ್ಯದ ಹೆಜ್ಜೆ ಮೇಲೇ ಹೆಜ್ಜೆ ಇಡೋದು ಯಾಕೆ?

ಅನು_ಆರ್
ಅದೇ ಸಂಖ್ಯೆ ಗೊಂಚಲುಗಳಿಗೆ ಸಾಲಲ್ಲ, ಅಲ್ಲಿ ಮಿಲ್ಗ್ರಾಮ್ ಕಡೆಯವರೂ ಕಾಣದ ದ್ರವ್ಯ ಸೇರಿಸಬೇಕಾಗುತ್ತೆ. ವಿಶ್ವದ ಆದಿ ಬೆಳಕಿನ ಏರಿಳಿತಕ್ಕಂತೂ ಅದು ಉತ್ತರ ಕೊಡಲ್ಲ. ನೀವು ಯಾವುದು ಸಿಕ್ಕರೆ ನನ್ನ ಕಡೆ ಬರ್ತೀರಿ, ಅದನ್ನ ಹೇಳಿ.

ಗಡಿಯಾರ
ನ್ಯಾಯವಾದ ಪ್ರಶ್ನೆ. ದೂರ ದೂರ ಸುತ್ತೋ ಜೋಡಿ ನಕ್ಷತ್ರಗಳು. ಎರಡರ ನಡುವೆ ಭೂಮಿ-ಸೂರ್ಯರ ದೂರದ ಎರಡು ಸಾವಿರ ಪಟ್ಟು, ಅದಕ್ಕಿಂತ ಹೆಚ್ಚು ಅಂತರ ಇರಬೇಕು. ಅಲ್ಲಿ ಎಳೆತ ಮಿಲ್ಗ್ರಾಮ್ ಹೇಳೋ ಮಿತಿಯ ಕಡೆಗೆ ಇಳಿಯುತ್ತೆ, ಕಾಣದ ದ್ರವ್ಯಕ್ಕೆ ಅಷ್ಟು ಸಣ್ಣ ಜಾಗದಲ್ಲಿ ಏನೂ ಕೆಲಸ ಇಲ್ಲ. ಗಾಯಾ ದೂರದರ್ಶಕದ ಅಳತೆ ಇಟ್ಟುಕೊಂಡೇ ದಕ್ಷಿಣ ಕೊರಿಯಾದ ಚೇ 2023ರಲ್ಲಿ ನ್ಯೂಟನ್ ಅಲ್ಲಿ ತಪ್ಪುತ್ತಾನೆ ಅಂದರು. ಬಾನಿಕ್ ಮತ್ತು ಜೊತೆಗಾರರು ಅದೇ ಗಾಯಾ ಅಳತೆಯಿಂದ ತಪ್ಪೋದೇ ಇಲ್ಲ ಅಂದರು. ಜೋಡಿಯ ಜೊತೆ ಕಾಣದ ಮೂರನೇ ನಕ್ಷತ್ರ ಇದ್ದರೆ ಅದನ್ನ ಹೇಗೆ ಬೇರ್ಪಡಿಸೋದು ಅನ್ನೋದರಲ್ಲೇ ಜಗಳ. ಗಾಯಾದ ಮುಂದಿನ ಕಂತಿನಲ್ಲಿ ಈ ಮೂರನೆಯವನ್ನ ಗುರುತಿಸೋದು ಸುಲಭ ಆಗಬೇಕು. ಆಗಲೂ ನ್ಯೂಟನ್ ನಿಂತರೆ ನಾನು ನಿಮ್ಮ ಕಡೆ.

ಅನು_ಆರ್
ಒಪ್ಪಿದೆ. ತಪ್ಪಿದ್ದು ಖಚಿತವಾದರೆ, ಬುಲೆಟ್ ಗೊಂಚಲು ಇದ್ದರೂ ನಾನು ನಿಮ್ಮ ಕಡೆ.

ಪಿಯು_ಮೇಷ್ಟ್ರು
ಆ ಎರಡು ಲೇಖನಗಳ ಗ್ರಾಫ್ ಇದ್ದರೆ ಕಳಿಸಿ. ತರಗತಿಯಲ್ಲಿ ಎರಡನ್ನೂ ಪಕ್ಕಪಕ್ಕ ಹಾಕಿ, ಹೆಸರು ಮುಚ್ಚಿಟ್ಟು, ಯಾವುದನ್ನ ನಂಬ್ತೀರಿ, ಯಾಕೆ ಅಂತ ಕೇಳ್ತೀನಿ.